ಔಷಧಿಯನ್ನು ಹೊರದಬ್ಬುವ ರೋಗಾಣು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ವಿಜ್ಞಾನದ ಒಂದು ವಿಷಯವನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ನಾನು ಆರಿಸಿಕೊಂಡಿರುವುದು ನಿಮ್ಮ ನಿಮ್ಮ ಮನೆಯ ಔಷಧಿ ಡಬ್ಬಕ್ಕೆ ಸಂಬಂಧಿಸಿದ ವಿಷಯ. ಆ ಡಬ್ಬವನ್ನು ತೆರೆದು ನೋಡಿ. ಜ್ವರದ ಮಾತ್ರೆ, ನೋವಿನ ಮುಲಾಮುಗಳ ನಡುವೆ ಅರ್ಧ ಖಾಲಿಯಾದ ಒಂದು ಆಂಟಿಬಯೋಟಿಕ್ ಸ್ಟ್ರಿಪ್ ಸಿಗುವ ಸಂಭವವಿದೆ. ಕಳೆದ ಬಾರಿ ಯಾರಿಗೋ ಕಾಯಿಲೆಯಾದಾಗ ತಂದದ್ದು, ಎರಡು ದಿನದಲ್ಲಿ ಗುಣ ಕಂಡಿತೆಂದು ಉಳಿಸಿದ್ದು, ಮುಂದೆ ಯಾರಿಗಾದರೂ ಬೇಕಾದೀತೆಂದು ಜೋಪಾನ ಮಾಡಿದ್ದು. ಆ ಉಳಿಕೆ ಮಾತ್ರೆಗಳಿಗೂ ರೋಗಾಣುವಿನ ಮೈಮೇಲಿರುವ ಒಂದು ಸೂಕ್ಷ್ಮ ಯಂತ್ರಕ್ಕೂ ಏನು ಸಂಬಂಧ ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಆಂಟಿಬಯೋಟಿಕ್ ಔಷಧಿಗಳಿಗೆ ಬಗ್ಗದ ರೋಗಾಣುಗಳಿಂದಾಗಿ 2019ನೇ ಇಸವಿಯೊಂದರಲ್ಲೇ ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಜನ ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಇಂಥ ಸೋಂಕು ಒಂದು ಕಾರಣವಾಗಿದ್ದ ಸಾವುಗಳನ್ನೂ ಸೇರಿಸಿದರೆ ಸಂಖ್ಯೆ 49 ಲಕ್ಷ ದಾಟುತ್ತದೆ. ಹೆರಿಗೆ, ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ, ಅವಧಿಗೆ ಮುನ್ನ ಹುಟ್ಟಿದ ಮಗುವಿನ ಆರೈಕೆ, ಇವೆಲ್ಲ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಆ ನಂಬಿಕೆ ಈಗ ಅಲುಗಾಡುತ್ತಿದೆ.

ರೋಗಾಣುವಿನ ನಾಲ್ಕು ಉಪಾಯಗಳು

ಔಷಧಿಯಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಔಷಧಿಯನ್ನೇ ಕತ್ತರಿಸಿ ಹಾಕುವುದು. ಪೆನ್ಸಿಲಿನ್ನನ್ನು ನಾಶ ಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿ ಇದೆಯೆಂದು ಅಬ್ರಹಾಂ ಮತ್ತು ಚೈನ್ 1940ರಲ್ಲೇ ತಿಳಿಸಿದ್ದರು. ಆಗ ಪೆನ್ಸಿಲಿನ್ ಇನ್ನೂ ರೋಗಿಗಳ ಕೈಗೇ ಬಂದಿರಲಿಲ್ಲ. ಎರಡನೆಯದು, ಔಷಧಿ ಹೋಗಿ ಅಂಟಿಕೊಳ್ಳಬೇಕಾದ ಜಾಗದ ಆಕಾರವನ್ನು ಬದಲಾಯಿಸುವುದು. ಮೂರನೆಯದು, ಔಷಧಿ ಒಳಗೆ ಬರುವ ಬಾಗಿಲನ್ನು ಮುಚ್ಚುವುದು. ನಾಲ್ಕನೆಯದು, ಒಳಗೆ ಬಂದ ಔಷಧಿಯನ್ನು ಹಿಡಿದು ಹೊರಗೆ ದಬ್ಬುವುದು. ಕೊನೆಯ ಎರಡು ಕೆಲಸಗಳಿಗೂ ಕೋಶದ ಪೊರೆಯಲ್ಲಿರುವ ಸಾಗಣೆಯ ಪ್ರೋಟೀನುಗಳೇ ಕಾರಣ. ನಮ್ಮ ಇಂದಿನ ವಿಷಯ ಅವೇ.

ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಹೆಸರನ್ನು ನಿಮ್ಮಲ್ಲಿ ಹಲವರು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಅದು ನಮ್ಮೆಲ್ಲರ ಕರುಳಿನಲ್ಲಿ ವಾಸಿಸುತ್ತದೆ. ಅದರ ಉದ್ದ ಸುಮಾರು ಎರಡು ಮೈಕ್ರೋಮೀಟರ್. ಅಂದರೆ ಸುಮಾರು 500 ಇ. ಕೋಲಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಇಷ್ಟು ಸಣ್ಣ ಜೀವಿಗೆ ಎರಡು ಸುತ್ತಿನ ಪೊರೆ ಇದೆ. ಹೊರಪೊರೆ, ಒಳಪೊರೆ, ನಡುವೆ ತೆಳುವಾದ ಗೋಡೆ. ಹೊರಪೊರೆಯಲ್ಲಿ ಪೋರಿನ್ ಎಂಬ ಪ್ರೋಟೀನುಗಳು ಕಿರಿದಾದ ಕೊಳವೆಗಳಂತೆ ಕುಳಿತಿವೆ. ಆಹಾರದ ಸಣ್ಣ ಅಣುಗಳು ಇವುಗಳ ಮೂಲಕ ಒಳಗೆ ಬರುತ್ತವೆ. ಹಲವು ಆಂಟಿಬಯೋಟಿಕ್‌ಗಳೂ ಇದೇ ದಾರಿಯಲ್ಲಿ ನುಸುಳುತ್ತವೆ. ವ್ಯಾಂಕೋಮೈಸಿನ್‌ನಂಥ ದೊಡ್ಡ ಅಣುವಿಗೆ ಈ ಕಿಂಡಿಯಲ್ಲಿ ಜಾಗವಿಲ್ಲ. ಆದ್ದರಿಂದಲೇ ಇ. ಕೋಲಿಯ ಸೋಂಕಿಗೆ ಆ ಔಷಧಿ ಪ್ರಯೋಜನಕ್ಕೆ ಬರುವುದಿಲ್ಲ.

ಬ್ಯಾಕ್ಟೀರಿಯಾ ಈ ಕಿಂಡಿಗಳನ್ನು ಕಡಿಮೆ ಮಾಡಿಕೊಳ್ಳಲೂ ಬಲ್ಲದು. ಸುಟ್ಟಗಾಯಗಳಲ್ಲಿ ಮತ್ತು ಆಸ್ಪತ್ರೆಯ ತೀವ್ರನಿಗಾ ಘಟಕಗಳಲ್ಲಿ ಕಾಡುವ ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾದ ಒಳಗೆ ಇಮಿಪೆನೆಮ್ ಎಂಬ ಪ್ರಬಲ ಔಷಧಿ ಹೋಗುವುದು ಓಪಿಆರ್-ಡಿ ಎಂಬ ಒಂದು ನಿರ್ದಿಷ್ಟ ಬಾಗಿಲಿನಿಂದ. ಆ ಬಾಗಿಲನ್ನು ಕಳೆದುಕೊಂಡ ಸ್ಯೂಡೋಮೋನಾಸ್ ಇಮಿಪೆನೆಮ್‌ಗೆ ಬಗ್ಗುವುದಿಲ್ಲ.

ಆದರೆ ಬಾಗಿಲುಗಳನ್ನೆಲ್ಲ ಮುಚ್ಚಿಕೊಂಡರೆ ಬ್ಯಾಕ್ಟೀರಿಯಾಕ್ಕೆ ಆಹಾರವೂ ಸಿಗುವುದಿಲ್ಲ. ಆದ್ದರಿಂದ ಬಾಗಿಲು ಮುಚ್ಚುವುದಕ್ಕೆ ಒಂದು ಮಿತಿ ಇದೆ. ಪಂಪಿನ ಮಹತ್ವ ಇರುವುದು ಇಲ್ಲಿ.

ಪಂಪು ಪತ್ತೆಯಾದ ಬಗೆ

ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಆರಿಯೋಮೈಸಿನ್ 1948ರಲ್ಲಿ ಲೋಕಕ್ಕೆ ಪರಿಚಯವಾಯಿತು. ಅದನ್ನು ಮಣ್ಣಿನ ಜೀವಾಣುವಿನಿಂದ ಪಡೆದವರು ಬೆಂಜಮಿನ್ ಡಗ್ಗರ್. ಅವರು ಕೆಲಸ ಮಾಡುತ್ತಿದ್ದ ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಬಗೆಬಗೆಯ ರೋಗಾಣುಗಳ ಮೇಲೆ ಕೆಲಸ ಮಾಡುತ್ತಿದ್ದ ಈ ಔಷಧಿಯನ್ನು ಜಗತ್ತು ಕೈತುಂಬ ಬಳಸಿತು. ಹತ್ತೇ ವರ್ಷಗಳಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ, ಟೆಟ್ರಾಸೈಕ್ಲಿನ್ ಸೇರಿದಂತೆ ನಾಲ್ಕು ಔಷಧಿಗಳಿಗೆ ಒಟ್ಟಿಗೇ ಬಗ್ಗದ ಆಮಶಂಕೆಯ ರೋಗಾಣುಗಳು ಜಪಾನಿನಲ್ಲಿ ಕಾಣಿಸಿಕೊಂಡವು. ಈ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು ಎಂಬುದೂ ಅಲ್ಲಿಯೇ ತಿಳಿದುಬಂತು.

ಇಂಥ ಬ್ಯಾಕ್ಟೀರಿಯಾಗಳ ಒಳಗೆ ಟೆಟ್ರಾಸೈಕ್ಲಿನ್ ಕಡಿಮೆ ಇರುತ್ತದೆ ಎಂಬುದು ಗೊತ್ತಿತ್ತು. ಔಷಧಿ ಒಳಗೇ ಹೋಗುತ್ತಿಲ್ಲವೋ, ಹೋದದ್ದು ಹೊರಗೆ ಬರುತ್ತಿದೆಯೋ ಎಂಬುದು ಗೊತ್ತಿರಲಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲೆವಿ, ಲಾರಾ ಮೆಕ್‌ಮರಿ ಮತ್ತು ಅವರ ಸಂಗಡಿಗರು ಇದಕ್ಕೆ ಒಂದು ಜಾಣ ಉಪಾಯ ಮಾಡಿದರು. ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ತಿರುವಿದಂತೆ ಬ್ಯಾಕ್ಟೀರಿಯಾದ ಪೊರೆಯನ್ನು ತಿರುವಿ ಪುಟ್ಟ ಪುಟ್ಟ ಗುಳ್ಳೆಗಳನ್ನು ಮಾಡಿಕೊಂಡರು. ಹೊರದಬ್ಬುವ ಪಂಪು ಇರುವುದೇ ನಿಜವಾದರೆ, ಪೊರೆ ತಿರುವಿದ ಮೇಲೆ ಅದು ಔಷಧಿಯನ್ನು ಗುಳ್ಳೆಯ ಒಳಕ್ಕೆ ತುಂಬಬೇಕು. ಹಾಗೆಯೇ ಆಯಿತು. ಗುಳ್ಳೆಗಳು ಟೆಟ್ರಾಸೈಕ್ಲಿನ್ನನ್ನು ಒಳಗೆ ಸೆಳೆದುಕೊಂಡವು. 1980ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ರೋಗಾಣು ಔಷಧಿಯನ್ನು ಮುರಿಯದೆಯೇ ಹೊರದಬ್ಬಿ ಬದುಕಬಲ್ಲದು ಎಂಬುದು ಸಿದ್ಧವಾಯಿತು. ವಿದ್ಯಾರ್ಥಿಗಳೇ, ಈ ಪ್ರಯೋಗವನ್ನು ನೆನಪಿನಲ್ಲಿಡಿ. ಎರಡು ಊಹೆಗಳಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ಪ್ರಶ್ನೆಯನ್ನು ಪ್ರಕೃತಿಗೇ ಕೇಳುವುದು ಹೇಗೆ ಎಂಬುದಕ್ಕೆ ಇದೊಂದು ಒಳ್ಳೆಯ ಮಾದರಿ.

ಯಂತ್ರ ಕೆಲಸ ಮಾಡುವ ರೀತಿ

ಟೆಟ್ರಾಸೈಕ್ಲಿನ್ ಪಂಪಿಗೆ ಒಂದೇ ಬಗೆಯ ಔಷಧಿ ಗೊತ್ತು. ಇದಕ್ಕಿಂತ ದೊಡ್ಡ ಆಸಾಮಿ ಇ. ಕೋಲಿಯಲ್ಲೇ ಇದೆ. ಅದರಲ್ಲಿ ಮೂರು ಪ್ರೋಟೀನುಗಳಿವೆ: ಆಕ್ರ್-ಎ, ಆಕ್ರ್-ಬಿ ಮತ್ತು ಟಾಲ್-ಸಿ. ಆಕ್ರ್-ಬಿ ಒಳಪೊರೆಯಲ್ಲಿ ಕುಳಿತ ಮೋಟಾರು. ಟಾಲ್-ಸಿ ಹೊರಪೊರೆಯನ್ನು ದಾಟುವ ಪೈಪು. ಆಕ್ರ್-ಎ ಇವೆರಡನ್ನು ಸೇರಿಸುವ ಜೋಡಣೆ. ಬಾವಿಯ ಪಂಪುಸೆಟ್ಟನ್ನು ನೋಡಿದವರಿಗೆ ಈ ವ್ಯವಸ್ಥೆ ಹೊಸದೆನಿಸದು.

ಮೋಟಾರಿಗೆ ಕರೆಂಟು ಎಲ್ಲಿಂದ ಬರುತ್ತದೆ? ಬ್ಯಾಕ್ಟೀರಿಯಾ ಉಸಿರಾಡುವಾಗ ಪ್ರೋಟಾನುಗಳನ್ನು ಒಳಪೊರೆಯ ಹೊರಗೆ ಕಳಿಸುತ್ತದೆ. ಅಣೆಕಟ್ಟಿನ ಹಿಂದೆ ನಿಂತ ನೀರಿನಂತೆ ಅವು ಒಳಕ್ಕೆ ಬರಲು ಒತ್ತುತ್ತಿರುತ್ತವೆ. ಒಂದು ಪ್ರೋಟಾನು ಒಳಗೆ ಹರಿಯುವ ಬಲದಿಂದ ಔಷಧಿಯ ಅಣು ಹೊರಗೆ ಹೋಗುತ್ತದೆ. ಪೊರೆಯ ಎರಡೂ ಬದಿಯ ಈ ಪ್ರೋಟಾನು ಒತ್ತಡದ ತತ್ತ್ವವನ್ನು ವಿವರಿಸಿದ ಪೀಟರ್ ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆಕ್ರ್-ಬಿಯ ರಚನೆಯನ್ನು 2002ರಲ್ಲಿ ಜಪಾನಿನ ವಿಜ್ಞಾನಿಗಳು ಬಿಡಿಸಿ ತೋರಿಸಿದರು. ಅದು ಒಂದೇ ಬಗೆಯ ಮೂರು ತುಂಡುಗಳ ಕೂಟ. ಮೂರೂ ಸರದಿಯ ಮೇಲೆ ದುಡಿಯುತ್ತವೆ ಎಂಬುದು 2006ರಲ್ಲಿ ಸ್ಪಷ್ಟವಾಯಿತು. ಮನೆ ಕಟ್ಟುವಲ್ಲಿ ಮಣ್ಣು ಸಾಗಿಸುವ ಮೂವರನ್ನು ಊಹಿಸಿಕೊಳ್ಳಿ. ಒಬ್ಬನ ಬುಟ್ಟಿ ಖಾಲಿ ಇದೆ, ಇನ್ನೊಬ್ಬನ ಬುಟ್ಟಿ ತುಂಬುತ್ತಿದೆ, ಮೂರನೆಯವನು ಸುರಿಯುತ್ತಿದ್ದಾನೆ. ಮರುಗಳಿಗೆ ಪಾತ್ರಗಳು ಬದಲಾಗುತ್ತವೆ. ಕೆಲಸ ನಿಲ್ಲುವುದಿಲ್ಲ. ಆ ಬುಟ್ಟಿಯ ಬಾಯಿಯೂ ಅಗಲ. ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಸಿಪ್ರೋಫ್ಲೋಕ್ಸಸಿನ್, ಎರಿಥ್ರೋಮೈಸಿನ್, ಬಣ್ಣಗಳು, ಸೋಪಿನಂಥ ವಸ್ತುಗಳು, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಅಣುಗಳು ಅದರಲ್ಲಿ ಹಿಡಿಯುತ್ತವೆ. ಆದ್ದರಿಂದ ಒಂದು ಔಷಧಿಯನ್ನು ಎದುರಿಸಲು ಪಂಪು ಹೆಚ್ಚಿಸಿಕೊಂಡ ಬ್ಯಾಕ್ಟೀರಿಯಾ, ತಾನು ಎಂದೂ ಕಾಣದ ಔಷಧಿಗಳನ್ನೂ ತಕ್ಕಮಟ್ಟಿಗೆ ಎದುರಿಸಬಲ್ಲದು.

ಈ ಯಂತ್ರ ನಮ್ಮ ಔಷಧಿಗಳಿಗಾಗಿ ಹುಟ್ಟಿದ್ದಲ್ಲ. ಕರುಳಿನಲ್ಲಿ ಪಿತ್ತರಸವಿದೆ. ಜಿಡ್ಡನ್ನು ಕರಗಿಸುವ ಪಿತ್ತದ ಲವಣಗಳು ಬ್ಯಾಕ್ಟೀರಿಯಾದ ಪೊರೆಯನ್ನೂ ಕೆಡಿಸಬಲ್ಲವು. ಅವುಗಳನ್ನು ಹೊರಹಾಕಿಕೊಂಡು ಕರುಳಿನಲ್ಲಿ ಬದುಕಲು ಈ ಪಂಪು ನೆರವಾಗುತ್ತದೆ. ನಾವು ಔಷಧಿ ಕಂಡುಹಿಡಿಯುವ ಎಷ್ಟೋ ಯುಗಗಳ ಮೊದಲೇ ಶತ್ರುವಿನ ಬಳಿ ಗುರಾಣಿ ಇತ್ತು.

ಇದನ್ನು ಹಿಡಿತದಲ್ಲಿಡುವ ಕಡಿವಾಣವೂ ಬ್ಯಾಕ್ಟೀರಿಯಾದಲ್ಲಿದೆ. ಪಂಪು ನಡೆಸಲು ಶಕ್ತಿ ಖರ್ಚಾಗುವುದರಿಂದ ಬೇಡವಾದಾಗ ಅದರ ತಯಾರಿಕೆಯನ್ನು ಕೆಲವು ನಿಯಂತ್ರಕ ಪ್ರೋಟೀನುಗಳು ತಡೆದಿರುತ್ತವೆ. ಅವುಗಳ ವಂಶವಾಹಿಯಲ್ಲಿ ಒಂದು ಸಣ್ಣ ಬದಲಾವಣೆಯಾದರೆ ಕಡಿವಾಣ ಕಳಚುತ್ತದೆ, ಪಂಪುಗಳ ಸಂಖ್ಯೆ ಏರುತ್ತದೆ. ಮಾರ್-ಆರ್ ಎಂಬ ನಿಯಂತ್ರಕ ಕೆಟ್ಟರಂತೂ ಎರಡು ಕೆಲಸ ಒಟ್ಟಿಗೇ ಆಗುತ್ತವೆ: ಪಂಪು ಹೆಚ್ಚುತ್ತದೆ, ಓಎಂಪಿ-ಎಫ್ ಎಂಬ ಬಾಗಿಲು ಕಡಿಮೆಯಾಗುತ್ತದೆ.

ದೋಣಿಯ ಲೆಕ್ಕ

ಈಗ ಮನೆಯ ಔಷಧಿ ಡಬ್ಬಕ್ಕೆ ಬರೋಣ. ತೂತು ಬಿದ್ದ ದೋಣಿಯಲ್ಲಿ ಕುಳಿತವನು ಏನು ಮಾಡುತ್ತಾನೆ? ಕೈಗೆ ಸಿಕ್ಕಿದ ಪಾತ್ರೆಯಿಂದ ನೀರು ಮೊಗೆದು ಹೊರಗೆ ಚೆಲ್ಲುತ್ತಾನೆ. ನೀರು ರಭಸದಿಂದ ನುಗ್ಗಿದರೆ ಅವನು ಎಷ್ಟು ಮೊಗೆದರೂ ದೋಣಿ ಮುಳುಗುತ್ತದೆ. ನೀರು ಜಿನುಗುತ್ತಿದ್ದರೆ ಅವನು ದಡ ಸೇರುತ್ತಾನೆ. ಪಂಪಿರುವ ಬ್ಯಾಕ್ಟೀರಿಯಾದ ಲೆಕ್ಕವೂ ಇದೇ. ಸರಿಯಾದ ಪ್ರಮಾಣದ ಔಷಧಿ ಸಾಮಾನ್ಯ ಪಂಪನ್ನು ಸೋಲಿಸುತ್ತದೆ. ಅರ್ಧ ಪ್ರಮಾಣ, ಹೊತ್ತು ತಪ್ಪಿದ ಮಾತ್ರೆ, ಕಳಪೆ ಔಷಧಿ, ಇವೆಲ್ಲ ಜಿನುಗುವ ನೀರು. ಆಗ ಕಡಿಮೆ ಪಂಪಿನವು ಸಾಯುತ್ತವೆ, ಹೆಚ್ಚು ಪಂಪಿನವು ಉಳಿದು ಸಂತಾನ ಬೆಳೆಸುತ್ತವೆ. ಅನುಕೂಲವಿದ್ದರೆ ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ ಎಂಬುದನ್ನು ಮರೆಯಬೇಡಿ.

ಪಂಪು ಒಂದೇ ಹಲವು ಸಲ ರೋಗಾಣುವನ್ನು ಪೂರ್ತಿ ಕಾಪಾಡಲಾರದು. ಆದರೆ ಅದು ಸಮಯ ಕೊಡಿಸುತ್ತದೆ. ಫ್ರಾನ್ಸಿನ ಲಿಯಾನ್‌ನ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಟೆಟ್ರಾಸೈಕ್ಲಿನ್ ಪಂಪಿನ ವಂಶವಾಹಿಯುಳ್ಳ ಪ್ಲಾಸ್ಮಿಡ್, ಅಂದರೆ ಡಿಎನ್‌ಎಯ ಒಂದು ಸಣ್ಣ ಬಳೆ, ಒಂದು ಇ. ಕೋಲಿಯಿಂದ ಇನ್ನೊಂದಕ್ಕೆ ದಾಟುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೊಸ ವಂಶವಾಹಿಯಿಂದ ಪ್ರೋಟೀನು ತಯಾರಾಗಬೇಕು. ಆದರೆ ಪ್ರೋಟೀನು ತಯಾರಿಕೆಯನ್ನೇ ನಿಲ್ಲಿಸುವ ಔಷಧಿ ಟೆಟ್ರಾಸೈಕ್ಲಿನ್. ಹಾಗಾದರೆ ಔಷಧಿಯ ನಡುವೆಯೇ ಈ ಬ್ಯಾಕ್ಟೀರಿಯಾ ಹೊಸ ಪಂಪು ಕಟ್ಟಿಕೊಂಡದ್ದು ಹೇಗೆ? ಹಳೆಯ ಆಕ್ರ್-ಟಾಲ್ ಪಂಪು ಒಳಗಿನ ಔಷಧಿಯನ್ನು ಅಷ್ಟಿಷ್ಟು ಹೊರಗೆ ಚೆಲ್ಲುತ್ತಾ, ಹೊಸದು ಸಿದ್ಧವಾಗುವವರೆಗೆ ಕೋಶವನ್ನು ಉಳಿಸಿಕೊಂಡಿತ್ತು.

ವಿಜ್ಞಾನಿಗಳೂ ಸುಮ್ಮನಿರಲಿಲ್ಲ. ಟೆಟ್ರಾಸೈಕ್ಲಿನ್‌ನ ಅಣುವನ್ನು ಬದಲಿಸಿ, ಹಳೆಯ ಪಂಪಿನ ಕೈಗೆ ಸಿಗದಂತೆ ಟೈಜಿಸೈಕ್ಲಿನ್ ಎಂಬ ಔಷಧಿ ಮಾಡಿದರು. 2005ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಬೇರೆ ಔಷಧಿಗಳು ಕೈಕೊಟ್ಟಾಗ ಬಳಸುವ ಕೊನೆಯ ಅಸ್ತ್ರಗಳ ಸಾಲಿಗೆ ಅದು ಸೇರಿತು. 2020ರಲ್ಲಿ ಚೀನಾದಿಂದ ಸುದ್ದಿ ಬಂತು: ಟೈಜಿಸೈಕ್ಲಿನ್ನನ್ನೂ ಹೊರದಬ್ಬುವ ಒಂದು ಇಡೀ ಪಂಪಿನ ವಂಶವಾಹಿಗಳು ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್‌ನಲ್ಲಿ ಸಿಕ್ಕಿದ್ದವು. ಪ್ಲಾಸ್ಮಿಡ್‌ನಲ್ಲಿದ್ದ ಮೇಲೆ ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಹಂಚಿಕೆಯಾಗಬಲ್ಲದು.

ಕ್ಷಯದ ವಿಚಾರ

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ. ಈ ರೋಗದೊಡನೆ ನಮ್ಮ ರಾಜ್ಯಕ್ಕೆ ಹಳೆಯ ನಂಟಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಅಧ್ಯಯನಗಳ ಆಧಾರದ ಮೇಲೆಯೇ 1962ರಲ್ಲಿ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು.

ಸಾಮಾನ್ಯ ಕ್ಷಯಕ್ಕೂ ಆರು ತಿಂಗಳು ಔಷಧಿ ಏಕೆ ಎಂದು ರೋಗಿಗಳು ಕೇಳುತ್ತಾರೆ. ಉತ್ತರದ ಒಂದು ಭಾಗ ಪಂಪಿನಲ್ಲಿದೆ. ಭಾರತದಲ್ಲಿ ಹುಟ್ಟಿ ಬೆಳೆದ ವಿಜ್ಞಾನಿ ಲಲಿತಾ ರಾಮಕೃಷ್ಣನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ನಮ್ಮ ದೇಹದ ಭಕ್ಷಕ ಕೋಶಗಳ ಒಳಗೆ ಸೇರಿಕೊಂಡ ಕ್ಷಯದ ಬ್ಯಾಕ್ಟೀರಿಯಾ ಅಲ್ಲಿ ತನ್ನ ಪಂಪುಗಳನ್ನು ಚುರುಕು ಮಾಡಿಕೊಂಡು ಔಷಧಿಯನ್ನು ಸಹಿಸಿಕೊಳ್ಳುತ್ತದೆ. ಕೆಮ್ಮು ನಿಂತರೂ, ಮೈ ತುಂಬಿಕೊಂಡರೂ, ಒಳಗೆ ಇಂಥವು ಉಳಿದಿರಬಹುದು.

ಹಳೆಯ ಔಷಧಿಗಳಿಗೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮಾತ್ರೆ 2012ರಲ್ಲಿ ಅನುಮತಿ ಪಡೆಯಿತು. ಬೆಡಾಕ್ವಿಲಿನ್ ಸೇರಿದ ನಾಲ್ಕು ಔಷಧಿಗಳ ಆರು ತಿಂಗಳ ಚಿಕಿತ್ಸೆಗೆ ಭಾರತ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಮೊದಲು ಒಂದೂವರೆ ಎರಡು ವರ್ಷ ಚಿಕಿತ್ಸೆ ಪಡೆಯಬೇಕಾಗಿದ್ದವರಿಗೆ ಇದು ಮರುಜೀವ ಬಂದಂತೆ. ಆದರೆ ಎಂಎಂಪಿಎಲ್-5 ಎಂಬ ಪಂಪನ್ನು ತಡೆದಿಡುವ ನಿಯಂತ್ರಕ ಕೆಟ್ಟರೆ ಕ್ಷಯದ ಬ್ಯಾಕ್ಟೀರಿಯಾ ಈ ಹೊಸ ಮಾತ್ರೆಯನ್ನೂ ಹೊರದಬ್ಬುತ್ತದೆ. ಕುಷ್ಠರೋಗಕ್ಕೂ ಬಳಸುವ ಕ್ಲೋಫಾಜಿಮಿನ್ ಔಷಧಿಯೂ ಅದರೊಡನೆಯೇ ಹೋಗುತ್ತದೆ. ದಶಕಗಳ ಕಾಲ ಕಾದು ಪಡೆದ ಔಷಧಿಯನ್ನು ಐದು ಹತ್ತು ವರ್ಷದಲ್ಲಿ ಕಳೆದುಕೊಳ್ಳುವುದೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಪಂಪನ್ನೇ ಕಟ್ಟಿಹಾಕಬಹುದೇ?

ಪಂಪಿಗೆ ಬೆಣೆ ಬಡಿದು ಹಳೆಯ ಔಷಧಿಗೆ ಮತ್ತೆ ಜೀವ ತುಂಬಬಹುದಲ್ಲ ಎಂಬ ಯೋಚನೆ ನಿಮಗೆ ಬಂದಿರಬಹುದು. ಸಂಶೋಧಕರಿಗೂ ಬಂದಿದೆ. ಕೀವು ಹುಣ್ಣು ಮಾಡುವ ಸ್ಟೆಫೈಲೊಕಾಕಸ್‌ನಲ್ಲಿ ನಾರ್-ಎ ಎಂಬ ಪಂಪಿದೆ. ಸರ್ಪಗಂಧಿ ಬೇರಿನಲ್ಲಿರುವ ರಿಸರ್ಪಿನ್ ಅದನ್ನು ತಡೆಯುತ್ತದೆ. ಈ ಸರ್ಪಗಂಧಿಯ ರಾಸಾಯನಿಕ ಅಧ್ಯಯನಕ್ಕೆ ದಾರಿ ಮಾಡಿದವರಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಪ್ರಮುಖರು. 1931ರಲ್ಲಿ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಆ ಬೇರಿನಿಂದ ಒಂದು ಕ್ಷಾರವಸ್ತುವನ್ನು ಬೇರ್ಪಡಿಸಿ, ಹಕೀಂ ಅಜ್ಮಲ್ ಖಾನ್ ಅವರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು 2006ರಲ್ಲಿ, ನಮ್ಮ ಮಲೆನಾಡು ಕೊಡಗುಗಳಲ್ಲಿ ಬೆಳೆಯುವ ಕರಿಮೆಣಸಿನ ಪೈಪರಿನ್ ಕೂಡ ಪ್ರಯೋಗಾಲಯದಲ್ಲಿ ಸ್ಟೆಫೈಲೊಕಾಕಸ್‌ನ ಮೇಲೆ ಸಿಪ್ರೋಫ್ಲೋಕ್ಸಸಿನ್‌ನ ಬಲವನ್ನು ಹೆಚ್ಚಿಸುತ್ತದೆ ಎಂದು ಪ್ರಕಟಿಸಿದರು.

ಇದನ್ನು ಕೇಳಿ ಯಾರೂ ಮಾತ್ರೆಯ ಜೊತೆ ಮೆಣಸು ಅರೆದು ಕುಡಿಯಲು ಹೊರಡಬೇಡಿ. ಗಾಜಿನ ತಟ್ಟೆಯಲ್ಲಿ ಆದದ್ದು ಮನುಷ್ಯನ ಮೈಯಲ್ಲಿ ಆಗುವುದು ಬೇರೆ ಮಾತು. ಪಂಪು ತಡೆಯಲು ಬೇಕಾದಷ್ಟು ರಿಸರ್ಪಿನ್ ಮನುಷ್ಯನಿಗೆ ಅಪಾಯಕಾರಿ. ನಮ್ಮ ಯಕೃತ್ತು, ಕರುಳು, ಮಿದುಳಿನ ರಕ್ತನಾಳಗಳಲ್ಲೂ ವಿಷ ಹೊರಹಾಕುವ ಪಂಪುಗಳಿರುವುದರಿಂದ ಶತ್ರುವಿನ ಪಂಪನ್ನು ಮಾತ್ರ ನಿಲ್ಲಿಸುವುದು ಕಷ್ಟ. ಬ್ಯಾಕ್ಟೀರಿಯಾದ ಪಂಪು ತಡೆಯಲೆಂದೇ ಆಂಟಿಬಯೋಟಿಕ್ ಜೊತೆ ಕೊಡುವ ಔಷಧಿ ಇಂದಿಗೂ ಚಿಕಿತ್ಸೆಗೆ ಬಂದಿಲ್ಲ. ರಸಾಯನ ವಿಜ್ಞಾನ, ಜೀವವಿಜ್ಞಾನ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇಲ್ಲಿ ಒಂದು ಬದುಕಿಗಾಗುವಷ್ಟು ಕೆಲಸ ಕಾದಿದೆ.

ನಾವೇನು ಮಾಡಬೇಕು?

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ, ತಿಳಿಯದವರು ಕಡಿಮೆ ಪ್ರಮಾಣದಲ್ಲಿ ಔಷಧಿ ನುಂಗಿ ರೋಗಾಣುಗಳನ್ನು ಬಲಪಡಿಸಬಹುದು ಎಂದು ಎಚ್ಚರಿಸಿದ್ದರು. ಅದರ ಫಲವನ್ನು ಔಷಧಿ ನುಂಗಿದವನೊಬ್ಬನೇ ಅನುಭವಿಸುವುದಿಲ್ಲ. ಲೆವಿಯವರು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೋಳಿಗಳ ಆಹಾರಕ್ಕೆ ಟೆಟ್ರಾಸೈಕ್ಲಿನ್ ಬೆರೆಸಿದಾಗ, ಮೊದಲು ಕೋಳಿಗಳಲ್ಲಿ, ಕೆಲವು ತಿಂಗಳಲ್ಲಿ ಆ ಫಾರಂನ ಮನೆಮಂದಿಯ ಕರುಳಿನಲ್ಲೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಿದ್ದವು. ಆ ಮನೆಯವರು ಮಾತ್ರೆ ನುಂಗಿರಲಿಲ್ಲ. ಕೋಳಿ, ದನ, ಮೀನುಗಳ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿದ್ದು ಇಂಥ ಕಾರಣಕ್ಕೇ.

ನಿಮ್ಮ ಕೈಯಲ್ಲಿರುವ ಕೆಲಸಗಳು ಸರಳ. ನೆಗಡಿ ಮತ್ತು ಹೆಚ್ಚಿನ ಗಂಟಲು ಕೆರೆತ ವೈರಸ್‌ನಿಂದ ಬರುವುದು. ಅದಕ್ಕೆ ಆಂಟಿಬಯೋಟಿಕ್ ಏನೂ ಮಾಡದು. ಆದರೆ ಅದೇ ಮಾತ್ರೆ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಪಂಪಿನ ಪಾಠ ಕಲಿಸುತ್ತದೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಹಲವು ಮುಖ್ಯ ಆಂಟಿಬಯೋಟಿಕ್‌ಗಳು 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯಲ್ಲಿದ್ದು, ಮೆಡಿಕಲ್ ಶಾಪ್‌ನವರು ಅವುಗಳ ಮಾರಾಟದ ದಾಖಲೆ ಇಡಬೇಕೆಂದು ಕಾನೂನೇ ಇದೆ. ಎಷ್ಟು ಮಾತ್ರೆ, ಎಷ್ಟು ಹೊತ್ತಿಗೆ, ಎಷ್ಟು ದಿನ ಎಂಬುದನ್ನು ವೈದ್ಯರಿಂದ ಕೇಳಿ ಬರೆದುಕೊಳ್ಳಿ. ಹೆಚ್ಚು ದಿನ ನುಂಗಿದಷ್ಟೂ ಒಳ್ಳೆಯದು ಎಂಬ ಮಾತೂ ಸರಿಯಲ್ಲ. ಈಗ ಹಲವು ಸೋಂಕುಗಳಿಗೆ ವೈದ್ಯರೇ ಕಡಿಮೆ ದಿನದ ಚಿಕಿತ್ಸೆ ಕೊಡುತ್ತಾರೆ. ನಿಲ್ಲಿಸುವ ತೀರ್ಮಾನ ಅವರದಾಗಿರಲಿ. ಕ್ಷಯದಲ್ಲಂತೂ ಒಂದು ದಿನವೂ ತಪ್ಪಬಾರದು. ಉಳಿದ ಮಾತ್ರೆಯನ್ನು ನೆರೆಮನೆಯವರಿಗೆ ಕೊಡುವುದು ಉಪಕಾರವಲ್ಲ.

ದುಡ್ಡಿಲ್ಲದೆ ಐದು ದಿನದ ಬದಲು ಎರಡು ದಿನದ ಮಾತ್ರೆ ಕೊಳ್ಳುವ ಕೂಲಿಯವನನ್ನು ಬೈಯುವುದು ಸುಲಭ. ಅವನಿಗೆ ಬೇಕಾದದ್ದು ಉಪದೇಶಕ್ಕಿಂತ ಹೆಚ್ಚಾಗಿ ಉಳಿದ ಮೂರು ದಿನದ ಮಾತ್ರೆ. ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಔಷಧಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಚಿಕಿತ್ಸೆ ಉಚಿತ. ಪೌಷ್ಟಿಕ ಆಹಾರಕ್ಕೆಂದು ಕ್ಷಯರೋಗಿಗೆ ಕೊಡುವ ನೆರವು 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿಗೆ ಏರಿದೆ. ಇದನ್ನೆಲ್ಲ ತಿಳಿಯದ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಇನ್ನೂ ಇವೆ. ಕ್ಷಯವಿದೆ ಎಂದು ಹೇಳಿಕೊಂಡರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ, ಕದ್ದು ಔಷಧಿ ತೆಗೆದುಕೊಂಡು ನಡುವೆ ಬಿಡುವ ಮನೆಗಳೂ ಇವೆ. ಓದಿದ ನೀವು ಅಂಥ ಒಂದು ಮನೆಗೆ ಹೋಗಿ, ಗುಟ್ಟು ಕಾಪಾಡುವ ಭರವಸೆ ಕೊಟ್ಟು, ಆರು ತಿಂಗಳು ಜೊತೆಗೆ ನಿಂತರೆ ಒಂದು ಜೀವ ಉಳಿಯುತ್ತದೆ, ಬಗ್ಗದ ರೋಗಾಣುವೊಂದು ಹುಟ್ಟುವುದೂ ತಪ್ಪಬಹುದು.

ಇಂದು ಮನೆಗೆ ಹೋದ ಮೇಲೆ ಆ ಔಷಧಿ ಡಬ್ಬವನ್ನೊಮ್ಮೆ ನೋಡಿ, ಅಮ್ಮಿ ಅಬ್ಬಾನ ಜೊತೆ ಕುಳಿತು ಈ ಮಾತುಗಳನ್ನು ಹೇಳಿ ಎಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ.